ನಮಗಿಂತ ಮೊದಲು ಅಂಡಮಾನಿಗೆ ಹೊರಟ ಚೀಲ

ನಾವು ಅಂಡಮಾನಿಗೆ ಹೊರಟದ್ದು ಚಂಪಾಷಷ್ಠಿ ಕಳೆದ ಬುಧವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಪುಣೆ ಸ್ಟೇಷನ್ನಿನಲ್ಲಿ ರೈಲು ಹತ್ತಿದ್ದು ಅದಾದ ಏಳು ವಾರಗಳಿಗೆ. ನಡುವಿನ ಏಳು ವಾರ ನಾನು ಲೆಕ್ಕಕ್ಕೆ ಪ್ರಯಾಣದಲ್ಲಿದ್ದವಳು. ಆದರೆ ಮನೆಯಲ್ಲೇ ಇದ್ದುಕೊಂಡು ಎರಡು ಹೊತ್ತು ಅಡಿಗೆ ಮಾಡಿದೆ, ಮಗಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡಿದೆ, ಸಂಕ್ರಾಂತಿಗೆ ಎಳ್ಳು ಹುರಿದೆ.

ಪ್ರಸ್ಥಾನ ಇಡುವ ಪದ್ಧತಿ ಈಗ ಎಷ್ಟು ಮನೆಗಳಲ್ಲಿ ಉಳಿದಿದೆಯೋ ತಿಳಿಯದು. ಹೊರಡಬೇಕಾದ ದಿನ ಪಂಚಾಂಗಕ್ಕೆ ಒಪ್ಪಿಗೆಯಾಗದಿದ್ದರೆ, ಒಪ್ಪಿಗೆಯಾಗುವ ಇನ್ನೊಂದು ದಿನ ಮುಹೂರ್ತ ನೋಡಿ, ಹೋಗುವವರ ಸಾಮಾನನ್ನು ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಪ್ರಯಾಣ ಶುರುವಾದ ಹಾಗೆ. ಮನುಷ್ಯರು ಆಮೇಲೆ ಯಾವಾಗ ಬೇಕಾದರೂ ಹೋಗಿ ಅದನ್ನು ಕೂಡಿಕೊಳ್ಳಬಹುದು. ಕಟ್ಟುಪಾಡು ಒಂದೇ. ಒಮ್ಮೆ ಹೊಸ್ತಿಲು ದಾಟಿದ ಸಾಮಾನು, ಹೋದ ಕೆಲಸ ಆಗುವವರೆಗೆ ಮನೆಗೆ ಮರಳಬಾರದು. ನಮ್ಮ ಅತ್ತೆಯವರು ವಿಜಾಪುರದ ಕಡೆಯ ಹಳೆಯ ಮನೆತನದವರು. ಮೂವತ್ತು ವರ್ಷ ಪುಣೆಯಲ್ಲಿದ್ದರೂ ಅವರ ಕಟ್ಟುಪಾಡುಗಳಲ್ಲಿ ಒಂದೂ ಸಡಿಲಾಗಿರಲಿಲ್ಲ.

ಅಂಡಮಾನಿನ ಹುಚ್ಚು ಮಾತ್ರ ನನ್ನದು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಪ್ರಕೃತಿ ಪಾಠ ಹೇಳುತ್ತಿದ್ದ ಸಿಸ್ಟರ್ ಒಬ್ಬರು ತಮಿಳು ಕರಾವಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಅಪ್ಪನ ದೋಣಿಯಿಂದ ಕಡಲಹಸುವನ್ನು ನೋಡಿದ್ದರಂತೆ. ಸಮುದ್ರದ ತಳದ ಹುಲ್ಲು ಮೇಯುವ ದೊಡ್ಡ ಬೂದು ಪ್ರಾಣಿ. ನಾಲ್ಕು ನಿಮಿಷಕ್ಕೊಮ್ಮೆ ಮೂಗಷ್ಟೇ ನೀರಿನ ಮೇಲೆ ತಂದು, ಒಂದು ಉಸಿರು ಬಿಟ್ಟು ಮತ್ತೆ ಇಳಿದುಬಿಡುತ್ತದೆ. ಅದನ್ನು ಹೇಳುವಾಗ ಸಿಸ್ಟರ್ ತಾವೇ ಕತ್ತು ಎತ್ತಿ ಮೂಗಿನಿಂದ ಉಸಿರು ಬಿಟ್ಟು ತೋರಿಸಿದರು. ನಾವು ನಕ್ಕೆವು. ನನಗೆ ಮಾತ್ರ ಅದು ಮನಸ್ಸಿನಲ್ಲಿ ಕೂತುಬಿಟ್ಟಿತು. ಗ್ರಂಥಾಲಯದ ದಪ್ಪ ಪುಸ್ತಕ ನೋಡಿ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಕಡಲಹಸು ಬರೆದೆ. ಎರಡು ಸಂಜೆ ಕೂತು ಶೇಡಿಂಗ್ ಮಾಡಿದ್ದೆ. ಸಿಸ್ಟರ್ ಅದರ ಮೇಲೆ ಕೆಂಪು ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಕೆಳಗೆ ಒಂದೇ ಮಾತು ಬರೆದರು: ನೋಡಿದ್ದೀಯಾ? ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆಯದನ್ನು ಆ ನೋಟ್‌ಬುಕ್ಕಿನಲ್ಲಿ ಬರೆಯಬಾರದು ಎಂಬುದು ಅವರ ನಿಯಮ.

ಆ ನಿಯಮವನ್ನು ನಾನು ಮದುವೆಯಾದ ಮೇಲೂ ಬಿಡಲಿಲ್ಲ. ವರ್ಷಕ್ಕೊಂದು ನೋಟ್‌ಬುಕ್ ಇಟ್ಟು, ಗ್ಯಾಲರಿಯಿಂದ ಕಂಡ ಬುಲ್‌ಬುಲ್, ನೀರಿನ ಟಾಕಿಯ ಮೇಲೆ ಕೂರುವ ಪಾರಿವಾಳ, ಗೋಡೆಯ ಹಲ್ಲಿ, ಎಲ್ಲವನ್ನೂ ಬರೆದೆ. ಮದುವೆಯಲ್ಲಿ ಉಳಿದವರ ತಂದೆಯರು ಹೊಲಿಗೆ ಮಷಿನ್ ಕೊಟ್ಟರೆ ನನ್ನ ತಂದೆ ದುರ್ಬೀನು ಕೊಟ್ಟಿದ್ದರು. ಪ್ರತಿ ನೋಟ್‌ಬುಕ್ಕಿನ ಕೊನೆಯ ಪುಟ ಮಾತ್ರ ಖಾಲಿ ಬಿಡುತ್ತಿದ್ದೆ. ಹದಿಮೂರು ಖಾಲಿ ಪುಟಗಳಾಗಿದ್ದವು. ಅಂಡಮಾನಿನ ಸುತ್ತ ಕಡಲಹಸು ಇನ್ನೂ ಇದೆ, ಆದರೆ ಕಡಿಮೆಯಾಗುತ್ತಿದೆ ಎಂದು ತೊಂಬತ್ತರ ದಶಕದ ಕೊನೆಗೆ ಒಂದು ರವಿವಾರದ ಪುರವಣಿಯಲ್ಲಿ ಓದಿದೆ. ಆ ದಿನವೇ ನಮ್ಮ ಮನೆಯವರಿಗೆ ಹೇಳಿದೆ.

"ಹೋಗೂಣಲಾ," ಅಂದರು ಅವರು. "ಆದ್ರ ಪದ್ಧತಶೀರ ಪ್ಲ್ಯಾನ್ ಮಾಡಿ ಹೋಗೂಣು."

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಅವರು ಒಂದು ಆಫೀಸಿನಲ್ಲಿ ಹೆಡ್‌ಕ್ಲಾರ್ಕ್. ಯಾವುದನ್ನೇ ಆಗಲಿ ಕಾರ್ಬನ್ ಇಟ್ಟು ಮೂರು ಪ್ರತಿ ಬರೆಯದೆ ಅವರಿಗೆ ಸಮಾಧಾನವಿಲ್ಲ. ಹಳೆಯ ಫಾರ್ಮುಗಳ ಬೆನ್ನ ಮೇಲೆ ಅಂಡಮಾನಿನ ಯೋಜನೆ ಬೆಳೆಯತೊಡಗಿತು. ಒಂದು ಪ್ರತಿ ಅವರಿಗೆ, ಒಂದು ನನಗೆ, ಒಂದು ಫೈಲಿಗೆ. ಸಂಜೆಯಾದರೆ ಅಭಿಪ್ರಾಯ ಹೇಳುವವರು ಬರುತ್ತಿದ್ದರು. ನಾನು ಒಗ್ಗರಣೆ ಅವಲಕ್ಕಿ ಮಾಡಿ ಕೊಟ್ಟು ಬಾಗಿಲ ಬಳಿ ನಿಂತಿರುತ್ತಿದ್ದೆ. ಅಂಡಮಾನಿಗೆ ಹೋಗಿ ಬಂದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಸಲಹೆಗೆ ಅದು ಅಡ್ಡಿಯಾಗಲಿಲ್ಲ.

"ಜೇಲು ನೋಡಲಿಕ್ಕೆ ಅರ್ಧಾ ದಿನಾ ಸಾಕ್ರಿ. ಉಳಿದ ಹತ್ತು ದಿನಾ ಏನ್ ಮಾಡ್ತೀರಿ?" ಅಂದರು ಒಬ್ಬರು.

"ಊಟದ್ದೇನ್ರಿ ವ್ಯವಸ್ಥಾ?" ಅಂದರು ಇನ್ನೊಬ್ಬರು. ಇದನ್ನು ಕೇಳದವರೇ ಇಲ್ಲ. ಕಾಶಿಗೆ, ಗಾಣಗಾಪುರಕ್ಕೆ ಹೋಗಿ ಅಭ್ಯಾಸವಾದ ಜನ. ಊರು ಯಾವುದೇ ಇರಲಿ, ಅವರಿಗೆ ಅಲ್ಲಿ ಎರಡೇ ಕೆಲಸ: ದರ್ಶನ ಮತ್ತು ಊಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೆಂತ್ಯದ ಹಿಟ್ಟು, ಹಚ್ಚಿದ ಅವಲಕ್ಕಿ, ಇವುಗಳ ಪಟ್ಟಿಗೇ ನಾಲ್ಕು ಪುಟವಾಯಿತು. ಯೋಜನೆ ಹದಿನಾಲ್ಕನೆಯ ಪುಟ ಮುಟ್ಟಿದ ದಿನ ನಾನು ನನ್ನ ಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ.

"ಇದರಾಗ ಕಡಲಹಸು ಎಲ್ಲೂ ಇಲ್ಲಲ್ರೀ," ಅಂದೆ.

ಅವರು ನನ್ನ ಮುಖ ನೋಡಿ, ಕಾರ್ಬನ್ ಸರಿ ಮಾಡಿ, ಕೊನೆಯಲ್ಲಿ ಬರೆದರು: ಪ್ರಾಣಿ. ಪಕ್ಕದಲ್ಲಿ, ವೇಳೆ ಸಿಕ್ಕರೆ.

ವಿಮಾನ ಬೇಡ, ಚೆನ್ನೈಯಿಂದ ಹಡಗಿನಲ್ಲೇ ಹೋಗುವುದೆಂದಾಯಿತು. ಆ ಕಾಲದಲ್ಲಿ ಹಡಗು ಹೊರಡುವ ದಿನ ಕೆಲವೇ ದಿನ ಮುಂಚೆ ಖಚಿತವಾಗುತ್ತಿತ್ತು. ಚೆನ್ನೈಯಲ್ಲಿದ್ದ ಅವರ ಸ್ನೇಹಿತರೊಬ್ಬರು ಟಿಕೆಟ್ಟಿನ ಹೊಣೆ ಹೊತ್ತು, ಡಿಸೆಂಬರ್ ನಡುವೆ ಇರಬಹುದು, ಜನವರಿಗೆ ಹೋದರೂ ಹೋಗಬಹುದು ಎಂದು ಫೋನ್ ಮಾಡಿದರು. ಅತ್ತೆಯವರು ಪಂಚಾಂಗ ತೆಗೆದರು.

"ಡಿಸೆಂಬರ್ ನಡುವಂದ್ರ ಧನುರ್ಮಾಸ ಹತ್ತತದ. ಆವಾಗ ಹೊರಡಲಿಕ್ಕೆ ಬರೂದಿಲ್ಲ. ಅದೂ ಸಮುದ್ರ ದಾಟೂದು, ಮಂಗಳವಾರಪೇಟಿಗೆ ಹೋಗಿ ಬಂದ್ಹಂಗಲ್ಲ. ಚಂಪಾಷಷ್ಠಿ ಆದಮ್ಯಾಲ ಬುಧವಾರ ಛಲೋ ಅದ. ಪ್ರಸ್ಥಾನ ಇಟ್ಟುಬಿಡ್ರಿ."

"ಒಂದು ಮುಷ್ಟಿ ಅಕ್ಕಿ, ಅಡಿಕಿ, ಅರಿಶಿಣ ಕೊಂಬು ಕಟ್ಟಿ ಇಟ್ರ ಸಾಕಲ್ರಿ ಅತ್ಯಾರ?" ಅಂದೆ.

"ಅಷ್ಟ ಹೆಂಗ ಸಾಕು? ಹೋಗವರದು ಜೀವಕ್ಕ ಹತ್ತಿದ್ದು ಒಂದೊಂದು ಸಾಮಾನ ಇರಬೇಕು. ಇಲ್ಲಂದ್ರ ಅಕ್ಕಿ ಹೊರಟಂಗಾಗ್ತದ, ನೀವಲ್ಲ."

ನಮ್ಮ ಮನೆಯವರು ಎರಡು ನಿಮಿಷ ಯೋಚಿಸಿ, ಟ್ರಂಕಿನಿಂದ ತಮ್ಮ ಮಂಕಿ ಟೋಪಿ ತಂದು ಕೊಟ್ಟರು. ಅಂಡಮಾನಿನ ಸೆಕೆಗೆ ಮಂಕಿ ಟೋಪಿ. ಅದು ಕೆಲವು ದಿನ ಕೈಗೆ ಸಿಗದಿದ್ದರೆ ನಡೆಯುತ್ತದೆಂದು ಅವರ ಎಣಿಕೆ. ನನಗೆ ಅಷ್ಟು ಬುದ್ಧಿ ಓಡಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ ಪ್ರಾಮಾಣಿಕತೆ ಅಡ್ಡ ಬಂತು. ಜೀವಕ್ಕೆ ಹತ್ತಿದ್ದು ಎಂದರೆ ದುರ್ಬೀನು ಮತ್ತು ನೋಟ್‌ಬುಕ್. ಎರಡನ್ನೂ ಹಸಿರು ರೆಕ್ಸಿನ್ ಚೀಲದಲ್ಲಿ ಇಟ್ಟೆ. ಅತ್ತೆಯವರು ಜೇಜುರಿಯ ಗುಡಿಯಿಂದ ಪ್ರಸಾದವಾಗಿ ತಂದ ಭಂಡಾರದ ಅರಿಶಿಣ ಪುಡಿಯನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮೇಲಿಟ್ಟರು. ಜಿಪ್ಪಿನ ತುದಿಗೆ ಕೆಂಪು ದಾರ.

ಪೂರ್ವಕ್ಕಿರುವ ಮನೆ ಯಾವುದೆಂದು ನಮ್ಮ ಮನೆಯವರು ಮಗಳ ಆಟದ ದಿಕ್ಸೂಚಿ ಹಿಡಿದು ಗ್ಯಾಲರಿಯಲ್ಲಿ ನಿಂತು ನೋಡಿದರು. ನಮ್ಮ ಮಹಡಿಯಲ್ಲೇ, ಮೆಟ್ಟಿಲಿನ ಆಚೆಗಿನ ಮನೆ. ಅವರು ಉಡುಪಿ ಕಡೆಯವರು. ಯಜಮಾನರಿಗೆ ಮೂಲೆಯಲ್ಲಿ ಇಡ್ಲಿ-ದೋಸೆಯ ಹೋಟೆಲು. ಆಕೆಯೂ ನಾನೂ ಒಳ್ಳೆಯ ಗೆಳತಿಯರು. ಚೀಲ ಹಿಡಿದು ಒಂಬತ್ತೂಕಾಲಿಗೆ ಬಾಗಿಲಲ್ಲಿ ನಿಂತಾಗ ಆಕೆ ಕೈ ಒರೆಸಿಕೊಳ್ಳುತ್ತ ಬಂದರು.

"ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಾರಾಯ್ರೆ? ನಮ್ಮ ಊರಲ್ಲಿ ಹಿತ್ತಲಿಗೆ ಹೋದ್ರೆ ಉಂಟು."

"ನಿಮ್ಮ ಹಿತ್ತಲದಾಗ ಕಡಲಹಸು ಅದ ಏನ್ರಿ?"

"ಅದಿಲ್ಲ. ಮೀನುಂಟು. ಅದೇ ಹೇಳ್ಬೇಕೂಂತ ಇದ್ದೆ, ನಮ್ಮಲ್ಲಿ ಮೀನು ಮಾಡ್ತೇವಲ್ಲ, ನಿಮ್ಮ ಅತ್ತೆಯ ಚೀಲಕ್ಕೆ ಆಗ್ತದಾ?"

ದೇವರ ಗೂಡಿನ ಪಕ್ಕದ ಮಾಡದಲ್ಲಿ ಇಟ್ಟರೆ ನಡೆಯುತ್ತದೆಂದು ಅತ್ತೆಯವರ ಅಪ್ಪಣೆಯಾಯಿತು. ಎರಡು ದಿನ ಬಿಟ್ಟು ಮೆಟ್ಟಿಲಲ್ಲಿ ಸಿಕ್ಕ ಆಕೆಯ ಯಜಮಾನರು ಬಹಳ ಗಂಭೀರವಾಗಿ ಹೇಳಿದರು, "ನಿಮ್ಮ ಚೀಲ ಇರುವಷ್ಟು ದಿನ ಮೀನು ಇಲ್ಲಾಂತ ಇವಳು ಹೇಳಿದ್ದಾಳೆ. ಸ್ವಲ್ಪ ಬೇಗ ಹೊರಟರೆ ಉಪಕಾರ."

ಬೇಗ ಹೊರಡುವುದು ನಮ್ಮ ಕೈಯಲ್ಲಿರಲಿಲ್ಲ. ಹಡಗು ರಿಪೇರಿಗೆ ಹೋಗಿದೆ, ಜನವರಿಯಲ್ಲಿ ನೋಡೋಣ ಎಂದು ಚೆನ್ನೈಯಿಂದ ಫೋನ್ ಬಂತು. ಅದೇ ವಾರ ಎದುರಿನ ಕಟ್ಟಡದ ನೀರಿನ ಟಾಕಿಯ ಮೇಲೆ ನಾನು ಎಂದೂ ಕಾಣದ ಒಂದು ಸಣ್ಣ ಗಿಡುಗ ಬಂದು ಕೂರತೊಡಗಿತು. ದಿನಾ ಬೆಳಿಗ್ಗೆ ಎಂಟರಿಂದ ಎಂಟೂವರೆ. ಎದೆಯ ಮೇಲೆ ಗೆರೆಗಳಿವೆಯೋ ಚುಕ್ಕೆಗಳಿವೆಯೋ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ದುರ್ಬೀನು ಹನ್ನೆರಡು ಹೆಜ್ಜೆಯಾಚೆ ದೇವರ ಮಾಡದಲ್ಲಿತ್ತು. ಅತ್ತೆಯವರು ಗ್ಯಾಲರಿಯಲ್ಲಿ ಬಿಸಿಲಿಗೆ ಕೂತಿರುತ್ತಿದ್ದರು. ಕೇಳಿದೆ.

"ಹೋದದ್ದನ್ನ ಮುಟ್ಟಬಾರ್ದವ್ವಾ," ಅಂದರು.

ಮೂರನೆಯ ದಿನ ನಾನು ಗೆಳತಿಯ ಮನೆಗೇ ಹೋಗಿ ಅಡಿಗೆಮನೆಯ ಕಿಟಕಿಯಲ್ಲಿ ನಿಂತೆ. ಆಕೆಗೆ ಸಂಗತಿ ತಿಳಿಯಿತು. "ನೀವು ಮುಟ್ಟಬಾರ್ದು ಅಷ್ಟೇ ಅಲ್ವಾ? ನಾನು ಹಿಡೀತೇನೆ, ನೀವು ನೋಡಿ," ಎಂದು ಚೀಲದಿಂದ ದುರ್ಬೀನು ತೆಗೆದು ನನ್ನ ಕಣ್ಣಿಗೆ ಹಿಡಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ಸ್ವಲ್ಪ ಎಡಕ್ಕ. ಅಲ್ರಿ, ನನ್ನ ಎಡಕ್ಕ."

"ನಿಮ್ಮ ಎಡ ಎಂತದು, ನನ್ನ ಎಡ ಎಂತದು, ಇಬ್ಬರೂ ಒಂದೇ ಕಡೆ ನೋಡುವುದಲ್ವಾ?" ಆಕೆಗೆ ನಗು ಬಂತು. ನಗು ಬಂದರೆ ಆಕೆಯ ಮೈಯೆಲ್ಲ ಕುಣಿಯುತ್ತದೆ. ದುರ್ಬೀನಿನಲ್ಲಿ ಟಾಕಿ ಮೇಲೆ ಕೆಳಗೆ ಆಡಿತು, ಕಂದು ಬಣ್ಣದ ಏನೋ ಒಂದು ಹಾದುಹೋಯಿತು, ಆಮೇಲೆ ಬರೀ ಆಕಾಶ. ಗಿಡುಗ ಮತ್ತೆ ಬರಲಿಲ್ಲ. ನನಗೆ ಅಳು ಬಂದಿತ್ತು. ಆಕೆಯ ನಗು ನೋಡಿ ಅದನ್ನು ನುಂಗಿಕೊಂಡೆ. ಇಲ್ಲಿ ಹದಿನೈದು ಮಾರು ದೂರದ ಹಕ್ಕಿಯನ್ನೇ ನೋಡಗೊಡದವರು ಅಂಡಮಾನಿನ ನೀರಿನೊಳಗಿನದನ್ನು ನೋಡಗೊಡುತ್ತಾರೆಯೇ ಎಂದು ಅವತ್ತು ಮೊದಲ ಸಲ ಅನ್ನಿಸಿತು.

ಇಷ್ಟರಲ್ಲಿ ಇನ್ನೊಂದು ಕಟ್ಟುಪಾಡು ಹೊರಬಿತ್ತು. ಪ್ರಸ್ಥಾನ ಒಂದೇ ಮನೆಯಲ್ಲಿ ಏಳು ರಾತ್ರಿಗಿಂತ ಹೆಚ್ಚು ಇರಬಾರದು. ಹಿಂದೆ ಬರುವಂತಿಲ್ಲ, ನಿಲ್ಲುವಂತಿಲ್ಲ, ಉಳಿದ ದಾರಿ ಮುಂದಿನದೊಂದೇ. ಎಂಟನೆಯ ದಿನ ನಮ್ಮ ಮನೆಯವರು ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಕಿವಿಗೆ ನನ್ನ ಹಳೆಯ ಓಢಣಿ ಸುತ್ತಿಕೊಂಡು ಹಡಪಸರಕ್ಕೆ ಹೋದರು. ಚಳಿ ಜೋರಾಗಿತ್ತು, ಮಂಕಿ ಟೋಪಿ ಕಾಲ ಬಳಿಯ ಚೀಲದಲ್ಲೇ ಇತ್ತು. ತೆಗೆಯುವಂತಿರಲಿಲ್ಲ. ನನಗೆ ಒಳಗೊಳಗೆ ಸ್ವಲ್ಪ ಸಮಾಧಾನವಾಯಿತು ಎಂದು ಒಪ್ಪಿಕೊಳ್ಳಬೇಕು.

ಹಡಪಸರದಲ್ಲಿ ಅವರ ಆಫೀಸಿನವರೊಬ್ಬರ ಮನೆ, ಈಗ ಮಗರಪಟ್ಟಾದ ಎತ್ತರದ ಕಟ್ಟಡಗಳು ನಿಂತಿರುವ ಕಡೆ, ಆಗಿನ ಕಬ್ಬಿನ ಗದ್ದೆಗಳ ಅಂಚಿಗೆ ಇತ್ತು. ಅಲ್ಲಿ ಏಳು ರಾತ್ರಿ. ಹಡಗಿನ ಸುದ್ದಿಯಿಲ್ಲ. ಹೇಗೂ ಚೆನ್ನೈ ರೈಲಿನ ದಾರಿಯಲ್ಲೇ ಇದೆಯಲ್ಲ ಎಂದು, ಊರಿಗೆ ಹೊರಟಿದ್ದ ಒಬ್ಬರ ಕೈಯಲ್ಲಿ ಚೀಲವನ್ನು ಸೊಲ್ಲಾಪುರಕ್ಕೆ, ನನ್ನ ನಾದಿನಿಯ ಮನೆಗೆ ಕಳಿಸಿದರು. ನಾನು ಆ ತಿಂಗಳು ತರಕಾರಿ ತರುವ ಮಂಡಯಿಯಾಚೆ ಹೋಗಿರಲಿಲ್ಲ. ಚೀಲ ಭೀಮಾ ನದಿ ದಾಟಿತ್ತು.

ನಾದಿನಿ ತಾಯಿಗೆ ತಕ್ಕ ಮಗಳು. ಸಂಕ್ರಾಂತಿಯ ಹೊತ್ತಿಗೆ ಫೋನ್ ಮಾಡಿದಳು.

"ವೈನಿ, ಚೀಲಾ ಆರಾಮ ಅದ. ಆದ್ರ ನನ್ನ ಕಡೆ ಇಲ್ಲ."

"ಮತ್ತೆಲ್ಲೆದವಾ?"

"ವಾರ ಆತಲ್ಲ, ಮುಂದಿನ ಓಣಿಯಾಗ ನಮ್ಮ ಗೆಳತಿ ಮನಿಗೆ ಕೊಟ್ಟೆ. ಅಲ್ಲೂ ವಾರ ಆತು. ಈಗ ಚಾದರ ನೇಯವರ ಮನ್ಯಾಗದ. ಪೂರ್ವಕ್ಕ ಅದ, ಕಾಳಜಿ ಮಾಡಬ್ಯಾಡ್ರಿ."

ಸಂಕ್ರಾಂತಿ ಕಳೆದು ಧನುರ್ಮಾಸವೂ ಮುಗಿದಿತ್ತು. ಹೊಸದಾಗಿ ಒಳ್ಳೆಯ ಮುಹೂರ್ತ ಇಟ್ಟು, ಹಳೆಯದನ್ನು ಬಿಟ್ಟುಬಿಡಬಹುದಲ್ಲ ಎಂದು ಅತ್ತೆಯವರಿಗೆ ಹೇಳಿ ನೋಡಿದೆ. "ಹೊರಟಿದ್ದನ್ನ ಮತ್ತ ಹೊರಡಸಲಿಕ್ಕೆ ಬರ್ತದೇನು?" ಅಂದರು.

ಕೊನೆಗೂ ಹಡಗಿನ ದಿನ ಬಂತು. ಜನವರಿ ಕೊನೆಯ ವಾರ. ನಾನು ರೊಟ್ಟಿ ಬಡಿಯಲು ಕೂತೆ. ನಲವತ್ತು ಖಡಕ್ ರೊಟ್ಟಿಯಾದ ಸಂಜೆ ನಮ್ಮ ಮನೆಯವರು ಆಫೀಸಿನಿಂದ ಬಂದು, ಬೂಟಿನ ಲೇಸು ಬಿಚ್ಚುತ್ತ, ನೆಲಕ್ಕೆ ಹೇಳುವವರ ಹಾಗೆ ಹೇಳಿದರು, "ಫೆಬ್ರುವರಿದಾಗ ಆಡಿಟ್ ಬಂದದ. ರಜಾ ಮಂಜೂರಾಗೇದ ಖರೆ, ಆದ್ರ ನಾ ಇಲ್ಲದಿದ್ರ ಛಂದ ಕಾಣೂದಿಲ್ಲ. ಮುಂದಿನ ವರ್ಷ ನೋಡೂಣು."

ಹದಿನಾಲ್ಕನೆಯ ಖಾಲಿ ಪುಟ. ನಾನು ಜಗಳವಾಡುವವಳಲ್ಲ. ಅದು ಅವರಿಗೂ ಗೊತ್ತು. ಅದಕ್ಕೇ ಅಷ್ಟು ಸಲೀಸಾಗಿ ಹೇಳಿದ್ದರು. ಹಿಟ್ಟಿನ ಕೈ ತೊಳೆದುಕೊಂಡೆ. ನೀರು ಬೆಳ್ಳಗೆ ಹರಿದು ಹೋಗುವವರೆಗೆ ನೋಡಿದೆ. ಆಮೇಲೆ ಅತ್ತೆಯವರ ಹತ್ತಿರ ಹೋಗಿ, ಸಣ್ಣ ದನಿಯಲ್ಲೇ ಅಂದೆ, "ಅತ್ಯಾರ, ಇವರು ಬ್ಯಾಡಂತಾರ. ಸೊಲ್ಲಾಪುರದಿಂದ ಚೀಲಾ ತರಿಸಿಬಿಡೂಣ್ರಿ?"

ಅತ್ತೆಯವರು ಹೂಬತ್ತಿ ಹೊಸೆಯುತ್ತಿದ್ದರು. ಕೈ ನಿಂತಿತು.

"ತರಿಸೂದು? ಹಿಂದಕ್ಕ?" ಅಂದರು. ಆಮೇಲೆ ಹೊರಕೋಣೆಗೆ ಕೇಳುವಂತೆ, "ಏ ತಮ್ಮಾ, ಬಾರಿಲ್ಲೆ."

ಅವರು ಒಂದು ಬೂಟಿನಲ್ಲೇ ಬಂದರು.

"ಪ್ರಸ್ಥಾನ ಹಿಂದ ಬಂದ್ರ ಏನಾಗ್ತದ ಗೊತ್ತದ ಏನು ನಿನಗ?"

"ಅವ್ವಾ, ಆಡಿಟ್ ಅದ."

"ನಿನ್ನ ಆಡಿಟಿಗೆ ನಾ ಏನ್ ಮಾಡ್ಲಿ? ಚೀಲಾ ಇಡೂಮುಂದ ಅದನ್ನ ಹೇಳಬೇಕಿತ್ತು. ಐದಾರು ಮನಿ ಮಂದಿ ನಿನ್ನ ಟೊಪ್ಪಿಗಿ ಕಾಯ್ಕೋತ ಕೂತಾರ. ಪಾಪ, ಆ ಉಡುಪಿಯವರು ವಾರಪೂರ್ತಿ ಮೀನ ಬಿಟ್ರು. ಚೀಲಾ ಹಿಂದ ಬರಂಗಿಲ್ಲ. ನೀ ಮುಂದ ಹೋಗು."

"ಹುಡುಗಿ?"

"ಹುಡುಗಿ ನನ್ನ ಕಡೆ ಇರ್ತಾಳ. ಮೊದಲ ಆ ಇನ್ನೊಂದು ಬೂಟು ಬಿಚ್ಚು."

ನಾನು ಅಡಿಗೆಮನೆಗೆ ಹೋಗಿ ಉಳಿದ ಹಿಟ್ಟು ಕಲಸಿದೆ. ಏಳು ವಾರ ನನ್ನನ್ನು ಕಟ್ಟಿಹಾಕಿದ್ದ ಹಗ್ಗವೇ ಈಗ ಎಳೆಯುತ್ತಿತ್ತು. ಅತ್ತೆಯವರಿಗೆ ನನ್ನ ಉದ್ದೇಶ ತಿಳಿಯಿತೋ ಇಲ್ಲವೋ ನಾನು ಎಂದೂ ಕೇಳಿಲ್ಲ. ರಾತ್ರಿ ಊಟಕ್ಕೆ ಬಡಿಸುವಾಗ ಮಾತ್ರ ಅವರು, "ಆ ಸಮುದ್ರದ ಆಕಳಾ, ಹಾಲು ಕೊಡ್ತದೇನು?" ಎಂದು ಕೇಳಿದರು. ಮರಿಗೆ ಕೊಡುತ್ತದೆ ಅಂದೆ. "ಹೂಂ. ಅಷ್ಟ ಸಾಕು," ಅಂದರು.

ಸೊಲ್ಲಾಪುರದಲ್ಲಿ ರೈಲು ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾದಿನಿ ಪ್ಲಾಟ್‌ಫಾರ್ಮಿನ ಪೂರ್ವದ ತುದಿಯಲ್ಲಿ ನಿಂತಿದ್ದಳು. ನಾವು ಕೂತಿದ್ದ ಡಬ್ಬಿ ಪಶ್ಚಿಮದ ತುದಿಯಲ್ಲಿತ್ತು. ಚೀಲ ಪಶ್ಚಿಮಕ್ಕೆ ಬರಬಾರದೆಂದು ಆಕೆ ಅಲ್ಲಿಂದ ಕದಲಲಿಲ್ಲ, ಕೈ ಬೀಸಿ ನಮ್ಮನ್ನೇ ಕರೆದಳು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಚಹಾದ ಗಾಡಿಗಳ ನಡುವೆ, ಹಾಸಿಗೆ ಸುರುಳಿಗಳನ್ನು ದಾಟಿ ಓಡಿದೆ. ಮದುವೆಯಾದ ಮೇಲೆ ಹಾಗೆ ಓಡಿದ್ದು ಅದೊಂದೇ ಸಲ. "ಸಾವಕಾಶ ವೈನಿ, ಸಾವಕಾಶ," ಎನ್ನುತ್ತ ಆಕೆ ಚೀಲ ಕೊಟ್ಟು, ಹತ್ತಿರದ ಡಬ್ಬಿಗೇ ನನ್ನನ್ನು ದೂಡಿ ಹತ್ತಿಸಿದಳು.

ನಮ್ಮ ಜಾಗಕ್ಕೆ ಬಂದು ಕೂತು ಜಿಪ್ಪು ಎಳೆದೆ. ಭಂಡಾರದ ಪೊಟ್ಟಣ ಎಲ್ಲೋ ಒಡೆದುಹೋಗಿತ್ತು. ದುರ್ಬೀನು, ನೋಟ್‌ಬುಕ್, ಮಂಕಿ ಟೋಪಿ ಎಲ್ಲ ಹಳದಿ. ನಮ್ಮ ಮನೆಯವರು ಟೋಪಿ ಜಾಡಿಸಿ, ಎದುರಿಗೆ ಕೂತಿದ್ದವರಿಗೂ ಹಳದಿ ಹಚ್ಚಿ, ಅದನ್ನು ಹಾಕಿಕೊಂಡು ಮಲಗಿಬಿಟ್ಟರು. ನಾನು ಸೆರಗಿನ ತುದಿಯಿಂದ ಗಾಜು ಒರೆಸುತ್ತ ಗುಂತಕಲ್ಲಿನವರೆಗೆ ಎಚ್ಚರವಿದ್ದೆ.

ಕಡಲಹಸು ನನಗೆ ಕಾಣಲಿಲ್ಲ. ಹಡಗಿನ ಮೂರು ದಿನ ಕಟಕಟೆ ಹಿಡಿದು ನಿಂತೆ, ದ್ವೀಪದಲ್ಲಿ ಎಂಟು ದಿನ ದೋಣಿ ಬದಲಿಸಿ ಬದಲಿಸಿ ಹೋದೆ. ನಮ್ಮ ಮನೆಯವರು ಒಂದು ದಿನವೂ ಬೇಸರ ತೋರಿಸದೆ ಜೊತೆಗೆ ಬಂದರು. ಪಟ್ಟಿಯಲ್ಲಿ ಬರೆದದ್ದು ಮುಗಿಯದೆ ಅವರಿಗೂ ಸಮಾಧಾನವಿಲ್ಲ. ಕೊನೆಯ ದಿನ ಬೆಳಿಗ್ಗೆ ಇಳಿತದ ಹೊತ್ತಿನಲ್ಲಿ ಬಂಗಾಳಿ ದೋಣಿಯವರೊಬ್ಬರು ಒಂದು ತೀರಕ್ಕೆ ಕರೆದೊಯ್ದರು. ನೀರು ಹಿಂದೆ ಸರಿದು ಸಮುದ್ರದ ಹುಲ್ಲು ನೆಲಕ್ಕೆ ಒರಗಿತ್ತು. ಹುಲ್ಲಿನ ನಡುವೆ ಒಂದು ಗೇಣು ಅಗಲದ ಬೋಳು ದಾರಿಗಳು, ಯಾರೋ ಬೆರಳಿನಿಂದ ಎಳೆದಂತೆ, ವಂಕಿವಂಕಿಯಾಗಿ ಹೋಗಿದ್ದವು. ಅವರು ಹಿಂದಿಯಲ್ಲಿ ಹೇಳಿದರು: ಭರತದಲ್ಲಿ ಬಂದು ಮೇದದ್ದು, ನಿನ್ನೆಯದೇ ಇರಬೇಕು. ನಾನು ಕೂತು ಒಂದು ದಾರಿಯನ್ನು ಕೈಯಿಂದ ಮುಟ್ಟಿದೆ. ಕಿತ್ತ ಬೇರು ಇನ್ನೂ ಬೆಳ್ಳಗಿತ್ತು. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದೆ. ಹಳದಿಯಾದ ಆ ಪುಟದ ಮೇಲೆ ಕಂಡಷ್ಟನ್ನೇ ಬರೆದೆ: ಹುಲ್ಲು, ನಡುವೆ ಮೂರು ದಾರಿ.

ಪುಣೆಗೆ ಬಂದ ದಿನ ಅತ್ತೆಯವರು ಚೀಲವನ್ನು ಮೊದಲು ಒಳಗೆ ತೆಗೆದುಕೊಂಡರು, ನಮ್ಮನ್ನು ಆಮೇಲೆ. ಸಂಜೆ ಕನ್ನಡಕ ಹಾಕಿಕೊಂಡು ಆ ಪುಟವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಆಕಳಾ ಎಲ್ಲ್ಯದವಾ?"

"ಮೇದು ಹೋಗೇದ್ರಿ."

ಅವರು ಇನ್ನೊಂದಿಷ್ಟು ಹೊತ್ತು ನೋಡಿದರು. ಆಮೇಲೆ ಪುಟದ ಮೇಲೆ ಉಳಿದಿದ್ದ ಭಂಡಾರವನ್ನು ಬೆರಳಿಗೆ ಹಚ್ಚಿಕೊಂಡು ಹಣೆಗಿಟ್ಟುಕೊಂಡರು.

"ಹಂಗಾದ್ರ ಅದ ಅಂತಾತು," ಅಂದರು.